ನಮ್ಮ ಅಜ್ಜ 1950ರಲ್ಲಿ ಎಲ್ಲಿದ್ದರು? ಸುಳ್ಯದ ರಬ್ಬರ್ ಕಾಲೊನಿಯಿಂದ ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ, ಕಂದಾಯ ಸಚಿವರಿಗೆ, ಹಾಗೇ ದಕ್ಷಿಣ ಕನ್ನಡದ ನನ್ನ ಊರಿನವರಿಗೆ,

ನಮಸ್ಕಾರ.

ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್, ಅಂದರೆ ಮರ ಗೀರಿ ಹಾಲು ತೆಗೆಯುವ ಕೆಲಸ, ಮಾಡುವ ತಮಿಳು ಕುಟುಂಬಗಳಲ್ಲಿ ನಮ್ಮದೂ ಒಂದು. ನಮ್ಮ ಮಕ್ಕಳ ಜಾತಿ ಸರ್ಟಿಫಿಕೇಟು, ನಮ್ಮ ಮನೆಯ ಜಾಗ, ಈ ಎರಡು ವಿಷಯ ಕೇಳಲು ಬರೆಯುತ್ತಿದ್ದೇನೆ. ಊರಿನವರ ಬಾಯಲ್ಲಿ ನಾವು 'ಸಿಲೋನ್‌ನವರು'. ಸಿಲೋನ್ ಅಂದರೆ ಈಗಿನ ಶ್ರೀಲಂಕಾ. ಕೆಲವರು 'ನಿರಾಶ್ರಿತರು' ಅಂತಲೂ ಅನ್ನುತ್ತಾರೆ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದು ಮಾತ್ರ ತಪ್ಪು ಲೆಕ್ಕ. ಯುದ್ಧಕ್ಕೆ ಹೆದರಿ ರಾತ್ರಿ ದೋಣಿ ಹತ್ತಿ ಬಂದವರ ಕಷ್ಟ ನಮಗಿಂತ ಜಾಸ್ತಿಯೇ ಇರಬಹುದು, ಅವರ ಬಗ್ಗೆ ನನಗೆ ಹಗುರವಾದ ಭಾವನೆ ಇಲ್ಲ. ಆದರೆ ನಮ್ಮ ಅಜ್ಜ ಅಜ್ಜಿ ಬಂದದ್ದು ಹಾಗಲ್ಲ. ಭಾರತದ ಪಾಸ್‌ಪೋರ್ಟ್ ಹಿಡಿದು, ಹಗಲು ಹೊತ್ತಿನಲ್ಲಿ, ಹೆಸರು ಬರೆಸಿ ಹಡಗು ಹತ್ತಿ ಬಂದರು. ಇಷ್ಟು ಜನ ಬರಬೇಕು ಅಂತ ಎರಡು ದೇಶಗಳ ಪ್ರಧಾನಿಗಳು ಸಹಿ ಹಾಕಿದ್ದರು.

ಆ ಸಹಿ ಬಿದ್ದದ್ದು 1964ರ ಅಕ್ಟೋಬರ್ 30ರಂದು. ನಮ್ಮ ಕಡೆ ಲಾಲ್ ಬಹದ್ದೂರ್ ಶಾಸ್ತ್ರಿಯವರು, ಆ ಕಡೆ ಸಿರಿಮಾವೊ ಬಂಡಾರನಾಯಿಕೆ. ಸಿಲೋನ್‌ನ ಟೀ ತೋಟ, ರಬ್ಬರ್ ತೋಟಗಳಲ್ಲಿ ಯಾವ ದೇಶಕ್ಕೂ ಸೇರದೆ ಉಳಿದಿದ್ದ ಜನರ ಸಂಖ್ಯೆ 9,75,000 ಅಂತ ಲೆಕ್ಕ ಹಿಡಿದರು. ಅದರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನ್‌ಗೆ. ಉಳಿದ 1,50,000 ಜನರ ವಿಷಯ ಆಮೇಲೆ ನೋಡೋಣ ಅಂದರು. ಆಸ್ತಿ ಪಾಲಾಗುವಾಗ ಅಣ್ಣತಮ್ಮಂದಿರು ಪಾತ್ರೆಪಗಡೆ ಎಣಿಸಿ ಆಚೆ ಈಚೆ ಇಡುತ್ತಾರಲ್ಲ, ಹಾಗೆ. ಪಾತ್ರೆಗಳನ್ನು ಯಾರೂ ಕೇಳುವುದಿಲ್ಲ. ತೋಟದವರ ನಾಯಕ ಸೌಮ್ಯಮೂರ್ತಿ ತೊಂಡಮಾನ್ ಈ ಒಪ್ಪಂದವನ್ನು ವಿರೋಧಿಸಿದ್ದರು. ಅವರ ಮಾತೂ ನಡೆಯಲಿಲ್ಲ.

ಉಳಿದ ಒಂದೂವರೆ ಲಕ್ಷ ಜನರನ್ನು 1974ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಮತ್ತು ಅದೇ ಸಿರಿಮಾವೊ ಸಮನಾಗಿ ಹಂಚಿಕೊಂಡರು. ಇತ್ತ 75,000, ಅತ್ತ 75,000. ಅದೇ ವರ್ಷದ ಜೂನ್‌ನಲ್ಲಿ ಕಚ್ಚತೀವು ಅನ್ನೋ ಪುಟ್ಟ ದ್ವೀಪ ಶ್ರೀಲಂಕಾದ ಪಾಲಾಯಿತು. ಸುಮಾರು 285 ಎಕರೆಯ ಜಾಗ, ಅಲ್ಲಿ ಯಾರೂ ವಾಸವಿಲ್ಲ. ಚುನಾವಣೆ ಬಂತು ಅಂದರೆ ಟಿವಿಯಲ್ಲಿ ಆ ದ್ವೀಪದ ಬಗ್ಗೆ ಕೂಗಾಟ ಶುರುವಾಗುತ್ತದೆ. ಯಾಕೆ ಕೊಟ್ಟಿರಿ, ಯಾರನ್ನು ಕೇಳಿ ಕೊಟ್ಟಿರಿ ಅಂತ. ಅದೇ ವರ್ಷ, ಅದೇ ಇಬ್ಬರು ಹಂಚಿಕೊಂಡ ಒಂದೂವರೆ ಲಕ್ಷ ಜನರನ್ನು ಯಾರನ್ನು ಕೇಳಿ ಹಂಚಿದಿರಿ ಅಂತ ಒಬ್ಬರಾದರೂ ಕೇಳಿದ್ದನ್ನು ನಾನು ನೋಡಿಲ್ಲ.

ಇಷ್ಟಕ್ಕೂ ಅವರು ಯಾವ ದೇಶಕ್ಕೂ ಸೇರದವರಾದದ್ದು ಹೇಗೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದರೆ ನಾನು ಕೇಳಲು ಬಂದಿರುವ ವಿಷಯದ ಬೇರು ಅಲ್ಲೇ ಇದೆ.

ಬ್ರಿಟಿಷರು 1820ರ ದಶಕದಿಂದಲೇ ತಿರುಚ್ಚಿ, ಮದುರೈ, ತಿರುನೆಲ್ವೇಲಿ, ಸೇಲಂ ಕಡೆಯ ಬಡವರನ್ನು ಸಿಲೋನ್‌ನ ಬೆಟ್ಟಗಳಿಗೆ ಕರೆದುಕೊಂಡು ಹೋದರು. ಮೊದಲು ಕಾಫಿಗೆ. ಎಲೆಗೆ ತುಕ್ಕು ರೋಗ ಬಂದು ಕಾಫಿ ನಾಶವಾದ ಮೇಲೆ ಟೀಗೆ. ಹೋದವರಲ್ಲಿ ಹೆಚ್ಚಿನವರು ದಲಿತರು. ಊರಲ್ಲಿ ಭೂಮಿ ಇಲ್ಲ, ಮರ್ಯಾದೆ ಇಲ್ಲ, ಬರಗಾಲ ಬೇರೆ. ಕಂಗಾಣಿ ಅನ್ನೋ ಮೇಸ್ತ್ರಿ ಮುಂಗಡ ಕೊಟ್ಟು ಕರೆದುಕೊಂಡು ಹೋಗುತ್ತಿದ್ದ. ಅವನ ಸಾಲ ತೀರುವುದರೊಳಗೆ ಮಕ್ಕಳು ಕೆಲಸಕ್ಕೆ ನಿಲ್ಲುತ್ತಿದ್ದರು. ಮೊದಮೊದಲು ತಲೈಮನ್ನಾರಿನಲ್ಲಿ ಇಳಿದವರು ಮಾತಳೆಯವರೆಗೆ ಕಾಡಿನಲ್ಲಿ ನಡೆದೇ ಹೋಗುತ್ತಿದ್ದರು. ಕಾಲರಾ, ಮಲೇರಿಯಾ ಬಂದು ದಾರಿಯಲ್ಲೇ ಎಷ್ಟೋ ಜನ ಹೋದರು. ಈಗ ಪ್ಯಾಕೆಟ್ ಮೇಲೆ 'ಸಿಲೋನ್ ಟೀ' ಅಂತ ಸಿಂಹದ ಗುರುತಿನ ಜೊತೆ ಬರುತ್ತದೆ, ನೀವೂ ನೋಡಿರಬಹುದು.

ಸಿಲೋನ್‌ಗೆ 1948ರ ಫೆಬ್ರವರಿಯಲ್ಲಿ ಸ್ವಾತಂತ್ರ್ಯ ಬಂತು. ಅದೇ ವರ್ಷ ಪೌರತ್ವ ಕಾಯ್ದೆ ಬಂತು. ನೀನು ಇಲ್ಲಿ ಹುಟ್ಟಿದರೆ ಸಾಲದು, ನಿನ್ನ ಅಪ್ಪನೂ ಇಲ್ಲೇ ಹುಟ್ಟಿದ್ದಕ್ಕೆ ಕಾಗದ ತೋರಿಸು ಅಂದರು. ಲಯದಲ್ಲಿ, ಅಂದರೆ ತೋಟದ ಸಾಲುಮನೆಯಲ್ಲಿ ಹುಟ್ಟಿದ ಕೂಲಿಯವರ ಮಕ್ಕಳ ಜನನ ಯಾರು ಬರೆದಿಡುತ್ತಾರೆ? ಸುಮಾರು 7 ಲಕ್ಷ ಜನ ಒಂದೇ ಏಟಿಗೆ ಯಾವ ದೇಶಕ್ಕೂ ಇಲ್ಲದವರಾದರು. ಮರುವರ್ಷ ವೋಟೂ ಹೋಯಿತು. 1947ರ ಚುನಾವಣೆಯಲ್ಲಿ ಈ ತೋಟದ ಜನರೇ 7 ಜನರನ್ನು ಸಂಸತ್ತಿಗೆ ಕಳಿಸಿದ್ದರು.

'ನಿಮ್ಮ ಅಪ್ಪ ಎಲ್ಲಿದ್ದ?' ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ ಮಾನ್ಯರೇ. ನಮ್ಮ ಮನೆಗೆ ಅದು ಮತ್ತೆ ಬಂದಿದೆ, ಕನ್ನಡದಲ್ಲಿ.

ನನ್ನ ಅಪ್ಪಾಯಿ, ಅಂದರೆ ಅಪ್ಪನ ಅಮ್ಮ, ಹುಟ್ಟಿದ್ದು ಹ್ಯಾಟನ್ ಹತ್ತಿರದ ಒಂದು ತೋಟದಲ್ಲಿ. ಅವಳ ಅಮ್ಮನೂ ಅಲ್ಲೇ ಹುಟ್ಟಿದವಳು. ಭಾರತವನ್ನು ಅವಳು ಕಂಡಿರಲಿಲ್ಲ. ತೋಟದ ಭಜನೆ ಮಂಟಪದಲ್ಲಿ ತೂಗುಹಾಕಿದ ಪಳನಿ ಮುರುಗನ ಕ್ಯಾಲೆಂಡರ್ ಅಷ್ಟೇ ಅವಳ ಭಾರತ. 1973, 74ರಲ್ಲಿ ಅಲ್ಲಿ ಆಹಾರಕ್ಕೆ ತತ್ವಾರ ಬಂತು. ರೇಷನ್ ಇಳಿಯಿತು, ತೋಟಗಳಲ್ಲಿ ಹಸಿವಿನಿಂದ ಜನ ಸತ್ತರು. ಮರಗೆಣಸಿನ ಎಲೆಯನ್ನೂ ಬೇಯಿಸಿ ತಿಂದದ್ದನ್ನು ಅಪ್ಪಾಯಿ ಹೇಳುತ್ತಿದ್ದಳು. ಅಷ್ಟರಲ್ಲಿ ಅವರ ಹೆಸರು 'ಭಾರತಕ್ಕೆ ಹೋಗುವವರ' ಪಟ್ಟಿಯಲ್ಲಿ ಬಂದಿತ್ತು. ಹೋಗು ಅಂದರು, ಹೊರಟರು.

ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು. ಅಲ್ಲಿಂದ ಮಂಡಪಂ ಕ್ಯಾಂಪ್. ಈ ಕ್ಯಾಂಪಿನ ಕಥೆ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಸಿಲೋನ್‌ಗೆ ಹೋಗುವ ಕೂಲಿಗಳನ್ನು ಕೂಡಿಹಾಕಿ, ರೋಗ ಇದೆಯೋ ಇಲ್ಲವೋ ನೋಡಿ ಹಡಗು ಹತ್ತಿಸುತ್ತಿದ್ದದ್ದು ಅದೇ ಮಂಡಪಂನಲ್ಲಿ. ಅಪ್ಪಾಯಿಯ ಮಾವ ಹೋಗುವಾಗ ನಿಂತ ಕ್ಯಾಂಪಿನಲ್ಲೇ ಅಪ್ಪಾಯಿ ಬರುವಾಗ ನಿಂತಳು. ಮಧ್ಯೆ ಅರ್ಧ ಶತಮಾನ, ಒಂದಿಡೀ ಬೆಟ್ಟದ ಟೀ.

ಮಂಡಪಂನಲ್ಲಿ ಯಾರು ಎಲ್ಲಿಗೆ ಅಂತ ವಿಂಗಡಿಸಿದರು. ಕೆಲವರು ನೀಲಗಿರಿಯ ಸರ್ಕಾರಿ ಟೀ ತೋಟಗಳಿಗೆ. ಕೆಲವರು ಕೇರಳದ ಪುನಲೂರಿನ ರಬ್ಬರಿಗೆ. ಕೆಲವರು ಆಂಧ್ರದ ನೂಲಿನ ಗಿರಣಿಗಳಿಗೆ. ಕೆಲವರು ಸುಳ್ಯ, ಪುತ್ತೂರಿಗೆ. ಇಲ್ಲಿ ಅರಣ್ಯ ಇಲಾಖೆ ರಬ್ಬರ್ ಹಾಕಿಸಿತ್ತು. ಮುಂದೆ ಅದೆಲ್ಲ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಗೆ ಹೋಯಿತು. ನಮ್ಮವರಿಗೆ ಸುಳ್ಯ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಕನ್ನಡ ಅನ್ನೋ ಭಾಷೆ ಇದೆ ಅಂತಲೂ ತುಂಬಾ ಜನರಿಗೆ ಗೊತ್ತಿರಲಿಲ್ಲ ಅಂತ ಅಪ್ಪಾಯಿ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದಳು.

ಟ್ಯಾಪಿಂಗ್ ಕೆಲಸ ನೋಡಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬಿಸಿಲೇರುವ ಮೊದಲು ಹಾಲು ಚೆನ್ನಾಗಿ ಇಳಿಯುತ್ತದೆ. ಹಾಗಾಗಿ ಬೆಳಕು ಹರಿಯುವ ಮುಂಚೆ ತಲೆಗೆ ಲೈಟು ಕಟ್ಟಿಕೊಂಡು ಹೊರಡಬೇಕು. ಹಿಂದಿನ ಸಲ ಒಸರಿ ಗಟ್ಟಿಯಾದ ರಬ್ಬರಿನ ದಾರವನ್ನು ಮೊದಲು ಎಳೆದು ತೆಗೆಯಬೇಕು. ಅದನ್ನೂ ಬಿಸಾಡುವಂತಿಲ್ಲ, ಬುಟ್ಟಿಗೆ ಹಾಕಬೇಕು, ಅದಕ್ಕೂ ರೇಟು ಉಂಟು. ಆಮೇಲೆ ಹಳೆ ಗೀರಿನ ಕೆಳಗೆ ಕತ್ತಿಯನ್ನು ಓರೆಯಾಗಿ ಎಳೆಯಬೇಕು. ತೊಗಟೆಯ ಸಿಪ್ಪೆ ಕಾಗದದಷ್ಟು ತೆಳ್ಳಗೆ ಬರಬೇಕು. ಸ್ವಲ್ಪ ಜಾಸ್ತಿ ಒಳಗೆ ಹೋದರೆ ಮರಕ್ಕೆ ಗಾಯ. ಮೇಲಿಂದ ಹೋದರೆ ಹಾಲಿಲ್ಲ. ಒಂದು ಮರ ಮುಗಿಸಿ ಇನ್ನೊಂದಕ್ಕೆ, ಗುಡ್ಡ ಹತ್ತಿ, ತೋಡು ದಾಟಿ, ಜಿಗಣೆ ಕಿತ್ತುಹಾಕುತ್ತಾ. ನನ್ನ ಅಮ್ಮ ಮರದ ಮುಂದೆ ಕ್ಷಣ ನಿಂತಂತೆಯೂ ಕಾಣುವುದಿಲ್ಲ, ಆಗಲೇ ಹಾಲು ಚಿಪ್ಪಿಗೆ ತೊಟ್ಟಿಕ್ಕುತ್ತಿರುತ್ತದೆ. ಎಲ್ಲಾ ಮರ ಮುಗಿದ ಮೇಲೆ ಒಂದು ಪ್ಲೇನ್ ಟೀ, ತೆಂಗಿನಕಾಯಿ ತುರಿದು ಹಾಕಿದ ಮೈದಾ ರೊಟ್ಟಿ, ಖಾರದ ಸಂಬಲ್. ಅದಾದ ಮೇಲೆ ಬಕೆಟ್ ಹಿಡಿದು ಅದೇ ಗುಡ್ಡ ಇನ್ನೊಂದು ಸಲ, ಹಾಲು ಒಟ್ಟುಮಾಡಲು.

ರಬ್ಬರ್ ಮರಕ್ಕೆ ಹಾಲು ಕೊಡುವ ಆಯಸ್ಸು ಹೆಚ್ಚು ಅಂದರೆ ಮೂವತ್ತು ವರ್ಷ. ಅಪ್ಪಾಯಿಯ ಕಾಲದವರು ಆರೈಕೆ ಮಾಡಿದ ಮರಗಳನ್ನು ಕಡಿದು, ಹೊಸದು ನೆಟ್ಟು, ಅವೂ ಈಗ ಮುಪ್ಪಾಗುತ್ತಿವೆ. ನಾವು ಇನ್ನೂ ಹೊಸಬರು!

ನಾನು ಇಲ್ಲಿ ಹುಟ್ಟಿದವಳು. ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು, ಪಕ್ಕದ ಗೌಡರ ಮನೆಯ ಅಜ್ಜಿಯ ಹತ್ತಿರ ಅರೆಭಾಷೆ, ನಮ್ಮ ಮನೆಯಲ್ಲಿ ಬೆಟ್ಟದ ತಮಿಳು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಜಾಸ್ತಿ ಮಾರ್ಕು ತೆಗೆದದ್ದು ಕನ್ನಡದಲ್ಲೇ. ಮಾರಿಯಮ್ಮನ ಹಬ್ಬಕ್ಕೆ ಕಾಲೊನಿಯಲ್ಲಿ ತಮಿಳು ಹಾಡು ಹಾಕುತ್ತಾರೆ, ಊರಿನ ದೈವದ ನೇಮಕ್ಕೆ ನಾವೂ ಹೋಗುತ್ತೇವೆ. ಇದನ್ನೆಲ್ಲ ಸುಮ್ನೆ ಹೆಮ್ಮೆಗೆ ಹೇಳುತ್ತಿಲ್ಲ. ಹೊಂದಿಕೊಳ್ಳಿ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅನ್ನುವುದಕ್ಕೆ ಹೇಳಿದೆ. ಆ ಕೆಲಸ ಮುಗಿದಿದೆ. ಮುಗಿಯದೆ ಉಳಿದದ್ದು ಸರ್ಕಾರದ ಪಾಲಿನದು.

ಈಗ ಜಾತಿ ಸರ್ಟಿಫಿಕೇಟಿನ ವಿಷಯ.

ನನ್ನ ತಮ್ಮ ಕಾಲೇಜಿಗೆ ಸೇರುವಾಗ ನಾವು ಒಂದು ಕಚೇರಿಗೆ ಅರ್ಜಿ ಹಾಕಿದೆವು. ನಮ್ಮ ಜಾತಿ ಆದಿದ್ರಾವಿಡ. ತಮಿಳುನಾಡಿನ ಪರಿಶಿಷ್ಟ ಜಾತಿ ಪಟ್ಟಿಯಲ್ಲೂ ಆ ಹೆಸರಿದೆ, ಕರ್ನಾಟಕದ ಪಟ್ಟಿಯಲ್ಲೂ ಇದೆ. ಪರೈಯನ್, ಪಳ್ಳನ್ ಕೂಡ ಎರಡರಲ್ಲೂ ಇವೆ. ಆದರೂ ಆಗಲಿಲ್ಲ. ಮೇಜಿನ ಆಚೆ ಇದ್ದವರು ಒರಟಾಗಿ ಏನೂ ಮಾತಾಡಲಿಲ್ಲ. ಬದಲಿಗೆ, 'ನೋಡಮ್ಮ, ನಿಮ್ಮ ಅಜ್ಜ 1950ರಲ್ಲಿ ಎಲ್ಲಿದ್ದರು ಅನ್ನೋದು ಮುಖ್ಯ. ಇಲ್ಲಿರಲಿಲ್ಲ ಅಲ್ವಾ?' ಅಂದರು.

ಅವರು ಹೇಳಿದ್ದು ಕಾನೂನೇ. ಪರಿಶಿಷ್ಟ ಜಾತಿಗಳ ಆದೇಶ ಹೊರಟದ್ದು 1950ರ ಆಗಸ್ಟ್ 10ರಂದು. ಆ ಹೊತ್ತಿಗೆ ನಿಮ್ಮ ಕುಟುಂಬ ಯಾವ ರಾಜ್ಯದಲ್ಲಿತ್ತೋ ಅದೇ ನಿಮ್ಮ ಮೂಲ ರಾಜ್ಯ. ಒಂದು ರಾಜ್ಯದ ಪರಿಶಿಷ್ಟರು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿ ಸೌಲಭ್ಯ ಸಿಗುವುದಿಲ್ಲ ಅಂತ 1990ರಲ್ಲಿ ಸುಪ್ರೀಂ ಕೋರ್ಟು ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಆ ಪ್ರಕರಣದ ಹುಡುಗನ ಅಪ್ಪ ಆಂಧ್ರದಿಂದ ಕೆಲಸದ ಮೇಲೆ ಮುಂಬೈಗೆ ಹೋದವರು.

ನನ್ನ ಅಜ್ಜ 1950ರಲ್ಲಿ ಹ್ಯಾಟನ್‌ನಲ್ಲಿದ್ದರು. ಮೈಸೂರು, ಮದ್ರಾಸು ಎರಡರಲ್ಲೂ ಇರಲಿಲ್ಲ. ಸಿಲೋನ್‌ನ ಲೆಕ್ಕದಲ್ಲೂ ಇರಲಿಲ್ಲ, ಅಲ್ಲಿನವರು ಎರಡು ವರ್ಷ ಮುಂಚೆಯೇ ಕೈಬಿಟ್ಟಿದ್ದರು. ಅಲ್ಲಿನ ಸರ್ಕಾರ ನಮ್ಮ ಮುತ್ತಜ್ಜ ಎಲ್ಲಿ ಹುಟ್ಟಿದ ಅಂತ ಕೇಳಿ ಅಜ್ಜನನ್ನು ಹೊರಗಿಟ್ಟಿತು. ಇಲ್ಲಿಯ ನಿಯಮ ಅಜ್ಜ ಎಲ್ಲಿದ್ದ ಅಂತ ಕೇಳಿ ನನ್ನ ತಮ್ಮನನ್ನು ಹೊರಗಿಡುತ್ತದೆ.

ತಮಿಳುನಾಡಿಗೆ ಹೋಗಿ ಮೂಲ ಊರಿನ ಸರ್ಟಿಫಿಕೇಟ್ ತನ್ನಿ ಅಂದರು. ಅಪ್ಪ ಹೋದರು. ನಮ್ಮ ಹತ್ತಿರ ಇರುವ ದೊಡ್ಡ ದಾಖಲೆ ಅಂದರೆ ಫ್ಯಾಮಿಲಿ ಕಾರ್ಡ್. ಸಿಲೋನ್‌ನಿಂದ ಬರುವಾಗ ಒಂದೊಂದು ಕುಟುಂಬಕ್ಕೂ ಕೊಟ್ಟದ್ದು. ಮಡಿಚಿದ ಕಡೆ ಹರಿದು, ಹಿಂದಿನಿಂದ ಸೆಲ್ಲೋ ಟೇಪ್ ಅಂಟಿಸಿ, ಈಗ ಟೇಪೂ ಹಳದಿಯಾಗಿದೆ. ಅದರಲ್ಲಿ ಊರಿನ ಹೆಸರನ್ನು ಯಾರೋ ತಮಗೆ ಕೇಳಿಸಿದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಪುದುಕ್ಕೋಟೈ ಕಡೆ ಅದೇ ತರ ಕೇಳಿಸುವ ಊರು ಒಂದಕ್ಕಿಂತ ಹೆಚ್ಚು ಇವೆ. ಅಪ್ಪ ಒಂದೊಂದೇ ಊರಿನಲ್ಲಿ ಕೇಳುತ್ತಾ ಹೋದರು. ಒಂದು ಕಡೆ ಕಟ್ಟೆ ಮೇಲೆ ಕೂತಿದ್ದ ಮುದುಕರೊಬ್ಬರು, 'ಸಿಲೋನ್‌ಗೆ ಹೋದವರು ಊರಿಗೊಂದು ಮನೆಯವರು ಇದ್ದಾರಪ್ಪ, ನೀನು ಯಾರ ಕಡೆಯವನು ಅಂತ ಹೇಳಲಿ?' ಅಂದರಂತೆ. ಊಟ ಹಾಕಿ ಕಳಿಸಿದರು. ಅಲ್ಲಿನ ಕಚೇರಿಯಲ್ಲಿ, 'ನೀವು ಕರ್ನಾಟಕದವರು, ಅಲ್ಲೇ ತಗೊಳ್ಳಿ' ಅಂದರು.

ತಮ್ಮ ಜನರಲ್ ಮೆರಿಟ್‌ನಲ್ಲಿ ಡಿಪ್ಲೊಮಾ ಮಾಡಿದ. ಫೀಸಿಗೆ ಅಮ್ಮನ ಸರ ಹೋಯಿತು. ಅದು ದೊಡ್ಡ ಕಥೆಯೇನಲ್ಲ, ನಮ್ಮ ಕಾಲೊನಿಯಲ್ಲಿ ಓದು ಅರ್ಧಕ್ಕೇ ಬಿಟ್ಟು ಪುನಃ ಟ್ಯಾಪಿಂಗ್ ಕತ್ತಿ ಹಿಡಿದವರಿದ್ದಾರೆ.

ಒಬ್ಬ ಗೆಳತಿ ಕೇಳಿದಳು. ಅವಳೂ ಪರಿಶಿಷ್ಟ ಜಾತಿಯವಳು, ಇಲ್ಲಿನ ಮೂಲದವಳು. 'ಇರುವುದೇ ಸ್ವಲ್ಪ ಸೀಟು ಮಾರಾಯ್ತಿ, ಅದರಲ್ಲಿ ನಿಮಗೂ ಪಾಲು ಕೊಡಬೇಕಾ?' ಅಂತ. ನ್ಯಾಯವಾದ ಪ್ರಶ್ನೆ, ನಾನು ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಹೇಳಿದ್ದು ಇಷ್ಟೇ: ರಾಜ್ಯದ ಲೆಕ್ಕದಲ್ಲಿ ನಾವು ಒಂದು ಹಿಡಿ ಜನ. ಮದುವೆ ಮನೆಯಲ್ಲಿ, ಗದ್ದೆ ಬದುವಿನಲ್ಲಿ ನಮ್ಮನ್ನು ಪರಿಶಿಷ್ಟರು ಅಂತ ಗುರುತಿಸಲು ಯಾರೂ 1950ರ ದಾಖಲೆ ಕೇಳುವುದಿಲ್ಲ. ದೂರ ನಿಲ್ಲಿಸುವಾಗ ಬೇಡದ ಕಾಗದ ಫೀಸು ಮಾಫಿಗೆ ಯಾಕೆ ಬೇಕು? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಒಪ್ಪಿದಳು ಅಂತ ನಾನು ಹೇಳುವುದಿಲ್ಲ.

ರಾಜ್ಯಕ್ಕೆ ಇದರಲ್ಲಿ ಏನು ಮಾಡಲು ಸಾಧ್ಯ? ನನಗೆ ತಿಳಿದ ಮಟ್ಟಿಗೆ, ವಲಸೆಯ ನಿಯಮ ಬಂದದ್ದು ತಾವಾಗಿ ಊರು ಬದಲಿಸಿದವರನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮನ್ನು ಇಲ್ಲಿಗೆ ತಂದದ್ದು ಅಂತರರಾಷ್ಟ್ರೀಯ ಒಪ್ಪಂದ. ಸುಳ್ಯ ಅನ್ನುವುದನ್ನು ಆರಿಸಿದ್ದು ಸರ್ಕಾರ. 'ಪುನರ್ವಸತಿ ಕೊಟ್ಟ ರಾಜ್ಯವೇ ಇವರ ಮೂಲ ರಾಜ್ಯ' ಅಂತ ಪರಿಗಣಿಸಿ ಅಂತ ಕರ್ನಾಟಕ ಸರ್ಕಾರ ಕೇಂದ್ರಕ್ಕೆ ಬರೆಯಬೇಕು. ಬರೆದದ್ದು ಕಡತದಲ್ಲಿ ಕೂರದಂತೆ ಬೆನ್ನು ಹತ್ತಬೇಕು. ಅದು ಇತ್ಯರ್ಥ ಆಗುವ ತನಕ ನಮ್ಮ ಮಕ್ಕಳ ಫೀಸು, ಹಾಸ್ಟೆಲು, ವಿದ್ಯಾರ್ಥಿವೇತನವನ್ನು ರಾಜ್ಯದ ಸ್ವಂತ ಯೋಜನೆಯಿಂದ ಕೊಡಬಹುದು. ಅದಕ್ಕೆ ದಿಲ್ಲಿಯ ಒಪ್ಪಿಗೆ ಬೇಕಾಗಿಲ್ಲ, ಬಜೆಟ್ಟಿನ ಒಂದು ಸಾಲು ಸಾಕು.

ಇನ್ನು ಮನೆ.

ಸಿಲೋನ್‌ನ ಲಯದಲ್ಲಿ ಒಂದು ಕುಟುಂಬಕ್ಕೆ ಒಂದು ಕೋಣೆ. ಸಾಮಾನ್ಯವಾಗಿ ಹತ್ತು ಅಡಿಗೆ ಹನ್ನೆರಡು ಅಡಿ. ಕೆಲಸ ಇದ್ದರೆ ಕೋಣೆ, ಕೆಲಸ ಇಲ್ಲದಿದ್ದರೆ ಇಲ್ಲ. ಇಲ್ಲಿ ಬಂದ ಮೇಲೆ ಸಿಕ್ಕಿದ್ದೂ ಕ್ವಾರ್ಟರ್ಸೇ. ಕ್ವಾರ್ಟರ್ಸ್ ಅಂದರೆ ಎಲ್ಲಾ ಕಡೆ ಇದೇ ನಿಯಮ, ಅದರಲ್ಲಿ ಇಂಥವರದೇ ತಪ್ಪು ಅಂತ ಬೆರಳು ತೋರಿಸಲು ಆಗುವುದಿಲ್ಲ. ಆದರೆ ಸರ್ಕಾರಿ ನೌಕರ ರಿಟೈರ್ ಆದರೆ ಕ್ವಾರ್ಟರ್ಸ್ ಬಿಟ್ಟು ಊರಿಗೆ ಹೋಗುತ್ತಾನೆ. ನಾವು ಯಾವ ಊರಿಗೆ ಹೋಗುವುದು? ಕ್ವಾರ್ಟರ್ಸ್ ಉಳಿಸಿಕೊಳ್ಳಲಿಕ್ಕೆಂದೇ ಮನೆಗೊಬ್ಬರು ಟ್ಯಾಪಿಂಗ್‌ಗೆ ಹೆಸರು ಕೊಡುವ ಕುಟುಂಬಗಳಿವೆ. ಬುದ್ಧಿವಂತ ಹುಡುಗಿ ಅಂತ ಟೀಚರು ಹೇಳಿದ ಮಗುವೇ ಕೆಲವು ಸಲ ಆ ಒಬ್ಬರು.

ಇಲ್ಲಿ ಒಂದು ಹೋಲಿಕೆ ಹೇಳಲೇಬೇಕು. ಸಿಲೋನ್‌ನಲ್ಲೇ ಉಳಿದ ನಮ್ಮ ನೆಂಟರಿಗೆ ಭಾರತ ಸರ್ಕಾರ ಮನೆ ಕಟ್ಟಿಸಿ ಕೊಡುತ್ತಿದೆ. ಮೊದಲು 4,000 ಮನೆಗಳ ಯೋಜನೆ. 2017ರ ಮೇ ತಿಂಗಳಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅಲ್ಲಿನ ನಾರ್‌ವುಡ್‌ಗೆ ಹೋಗಿ ಇನ್ನೂ 10,000 ಮನೆ ಘೋಷಿಸಿದರು. ಮೊದಲ ಮನೆಗಳಿಗೆ ಲಂಕಾ ಸರ್ಕಾರದ ಕಡೆಯಿಂದ ತಲಾ 7 ಪರ್ಚ್ ಜಾಗ. ನಮ್ಮ ಊರಿನ ಲೆಕ್ಕದಲ್ಲಿ ನಾಲ್ಕೂವರೆ ಸೆಂಟ್ಸಿಗೆ ಸ್ವಲ್ಪ ಕಡಿಮೆ. 2023ರಲ್ಲಿ, ತೋಟಕ್ಕೆ ಹೋಗಿ 200 ವರ್ಷ ಆಯಿತು ಅಂತ 75 ಕೋಟಿ ರೂಪಾಯಿಯ ನೆರವನ್ನೂ ಭಾರತ ಘೋಷಿಸಿತು. ಒಳ್ಳೆಯದೇ, ಆ ದುಡ್ಡಿನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರು ಅಲ್ಲಿ ಇನ್ನೂ ದಿನಗೂಲಿ ಏರಿಸಲು ಹೋರಾಡುತ್ತಿದ್ದಾರೆ. ಆದರೆ ಭಾರತ ಕರೆಯಿತು ಅಂತ ಬಂದವರು ನಾವು. ಬಾರದೆ ಅಲ್ಲೇ ಉಳಿದವರಿಗೆ ಭಾರತ ಮನೆ ಕಟ್ಟಿಸಿದೆ, ಬಂದವರು ಕ್ವಾರ್ಟರ್ಸಿನಲ್ಲಿದ್ದಾರೆ. ಇದು ಯಾವ ಲೆಕ್ಕ ಅಂತ ಅಪ್ಪ ಕೇಳುತ್ತಾರೆ. ನನಗೆ ಉತ್ತರ ಗೊತ್ತಿಲ್ಲ, ನೀವೇ ಹೇಳಿ.

ಅಡ್ಡಿ ಏನು ಅಂತ ನಮಗೂ ಗೊತ್ತಿದೆ. ತೋಟ ಇರುವುದು ಅರಣ್ಯದ ಜಾಗದಲ್ಲಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ಒಂದು ಸೆಂಟ್ಸ್ ಕೊಡಲೂ ರಾಜ್ಯಕ್ಕೆ ಆಗುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಕೇಳೋಣ ಅಂದರೆ, ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು ಅಲ್ಲಿ ವಾಸವಿರಬೇಕು. ಒಂದು ತಲೆಮಾರು ಅಂದರೆ 25 ವರ್ಷ, ಒಟ್ಟು 75 ಅಂತ ಕಾಯ್ದೆಯೇ ಹೇಳುತ್ತದೆ. ಅಂದರೆ 1930ರಿಂದ. ಆಗ ನಮ್ಮವರು ಹ್ಯಾಟನ್‌ನಲ್ಲಿ ಟೀ ಕೀಳುತ್ತಿದ್ದರು. ಅಪ್ಪಾಯಿ, ಅಪ್ಪ, ನಾನು, ಮೂರು ತಲೆಮಾರು ಇದೇ ಗುಡ್ಡದಲ್ಲಿ ಬದುಕಿದ್ದೇವೆ, ಈಗ ತಮ್ಮನ ಮಗಳು ನಾಲ್ಕನೆಯವಳು. ಕಾಯ್ದೆಯ ಕಣ್ಣಿಗೆ 2005ರ ಹೊತ್ತಿಗೆ ಎರಡನೆಯ ತಲೆಮಾರೂ ಮುಗಿದಿರಲಿಲ್ಲ.

ಹಾಗಂತ ದಾರಿ ಇಲ್ಲ ಅಂತಲ್ಲ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿಗಳನ್ನು ಕಂದಾಯ ಗ್ರಾಮ ಮಾಡಲು ಈ ರಾಜ್ಯವೇ ಕಾನೂನು ತಿದ್ದಿತು. 2023ರ ಜನವರಿಯಲ್ಲಿ ಕಲಬುರಗಿಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದನ್ನು ನಾನು ಟಿವಿಯಲ್ಲಿ ನೋಡಿದೆ. ಮನಸ್ಸು ಮಾಡಿದರೆ ಆಗುತ್ತದೆ ಅಂತ ಅವತ್ತು ಗೊತ್ತಾಯಿತು. ಕಾಲೊನಿಗಳಿರುವ ಜಾಗವನ್ನಷ್ಟೇ ಅಳೆದು, ಅದಕ್ಕೆ ಬದಲಿ ಜಾಗ ಅರಣ್ಯಕ್ಕೆ ಕೊಟ್ಟು, ಕೇಂದ್ರದ ಒಪ್ಪಿಗೆ ಕೇಳಿ. ಅದು ಆಗದಿದ್ದರೆ ಹತ್ತಿರದ ಪಂಚಾಯತಿನಲ್ಲಿ ಕಂದಾಯ ಜಾಗ ನೋಡಿ. ತೋಟದ ಒಂದು ಮರವೂ ನಮಗೆ ಬೇಡ. ನಾಲ್ಕೂವರೆ ಸೆಂಟ್ಸ್ ಸಾಕು, ಸಿಲೋನ್‌ನಲ್ಲಿ ಉಳಿದವರಿಗೆ ಸಿಕ್ಕಷ್ಟೇ.

ಅಪ್ಪಾಯಿ ಈಗಿಲ್ಲ. ಅವಳಿಗೆ ಈ ಕಾಗದಗಳ ವಿಷಯದಲ್ಲಿ ನಮ್ಮಷ್ಟು ಸಿಟ್ಟಿರಲಿಲ್ಲ. ಹ್ಯಾಟನ್‌ನ ಚಳಿ, ರೈಲು, ಅಲ್ಲೇ ಬಿಟ್ಟುಬಂದ ತಂಗಿ, ಅವಳ ಮಾತೆಲ್ಲ ಅದರ ಸುತ್ತ. 1984ರಲ್ಲಿ ಹಡಗು ನಿಂತ ಮೇಲೆ ಆ ತಂಗಿಯನ್ನು ಅವಳು ನೋಡಲೇ ಇಲ್ಲ. ವಾಟ್ಸಾಪ್ ಬಂದ ಮೇಲೆ ತಂಗಿಯ ಮೊಮ್ಮಕ್ಕಳು ಸಿಕ್ಕಿದರು. ಅವರು ಅಲ್ಲಿಂದ ಸಿಂಹಳ ಬೆರೆಸಿ ಮಾತಾಡುತ್ತಾರೆ, ನಾನು ಕನ್ನಡ ಬೆರೆಸುತ್ತೇನೆ, ನಡುವೆ ತಮಿಳು ಹೇಗೋ ಸಾಗುತ್ತದೆ. ಅವರಲ್ಲಿ ಒಬ್ಬ ಹೋದ ವರ್ಷ ಹೊಸ ಮನೆಯ ಬಾಗಿಲ ಮುಂದೆ ನಿಂತು ಫೋಟೊ ಕಳಿಸಿದ. ಬಾಗಿಲ ಪಕ್ಕದ ಫಲಕದಲ್ಲಿ ಭಾರತದ ಬಾವುಟ ಇತ್ತು. ನಿಮ್ಮ ಮನೆಯ ಫೋಟೊ ಕಳಿಸು ಅಂತ ಕೇಳಿದ.

ಮಾನ್ಯರೇ, ತಮ್ಮನ ಮಗಳನ್ನು ಬರುವ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸಬೇಕು. ಅರ್ಜಿಯಲ್ಲಿ ಜಾತಿಯ ಕಾಲಂ ಇರುತ್ತದೆ, ಖಾಯಂ ವಿಳಾಸದ ಕಾಲಂ ಇರುತ್ತದೆ. ಅಷ್ಟರೊಳಗೆ ಎಲ್ಲವೂ ಸರಿಹೋಗಲಿ ಅಂತ ಕೇಳುವಷ್ಟು ದಡ್ಡಿ ನಾನಲ್ಲ. ಕೇಂದ್ರಕ್ಕೆ ಪತ್ರ ಹೋಗಲಿ, ಕಾಲೊನಿಗಳ ಸರ್ವೆಗೆ ಆದೇಶ ಹೊರಡಲಿ, ಅವಳ ಫೀಸು ಮತ್ತು ವಿದ್ಯಾರ್ಥಿವೇತನಕ್ಕೆ ರಾಜ್ಯದ ಯೋಜನೆ ಬರಲಿ. ಸರ್ವೆಯವರು ಬರುವ ದಿನ ಮೊದಲೇ ತಿಳಿಸಿ. ಬೆಳಗ್ಗೆ ಬಂದರೆ ಕಾಲೊನಿಯಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಮರದ ಹತ್ತಿರ ಇರುತ್ತಾರೆ. ಮಧ್ಯಾಹ್ನದ ಮೇಲೆ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಸುಳ್ಯ ವಿಧಾನಸಭಾ ಕ್ಷೇತ್ರದ ಒಬ್ಬ ಮತದಾರಳು